ಚೈನ್ ಗಾಡಿಯ ಸೀಟು

ಹೋದ ತಿಂಗಳು ಕೆ.ಆರ್. ನಗರದಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದೆ. ಅವರ ಮನೆಗೆ ಹೊಸ ಕಾರು ಬಂದಿತ್ತು. ಹೊಸ ಕಾರಿನಲ್ಲಿ ಒಂದು ಸುತ್ತು ಹಾಕಿಸದೆ ನೆಂಟರನ್ನು ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ, ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕೂತ ಕೂಡಲೇ ಕೆಳಗೆ ಚರಚರ ಎಂದಿತು. ನೋಡಿದರೆ ಸೀಟಿನ ಮೇಲೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಹಾಗೇ ಇದೆ. ಕಾರು ಇನ್ನೂ ಬೀದಿ ದಾಟಿರಲಿಲ್ಲ, ನನ್ನ ಎರಡು ಕೈಗಳೂ ನನ್ನನ್ನು ಕೇಳದೆ ಅದರ ಮೂಲೆ ಹಿಡಿದು ಹರಿಯಲು ಶುರು ಮಾಡಿದ್ದವು. ತಂಗಿಯ ಗಂಡ ಕನ್ನಡಿಯಲ್ಲಿ ನೋಡಿ, ‘ಅಕ್ಕ, ಅಕ್ಕ, ಇನ್ನೂ ಎರಡು ತಿಂಗಳಾಗಿಲ್ಲ!’ ಎಂದು ಕೂಗಿದರು. ಅಷ್ಟರಲ್ಲಿ ಅರ್ಧ ಸೀಟು ಬೋಳಾಗಿತ್ತು. ಅವತ್ತು ಅವರ ಮನೆಯಲ್ಲಿ ಮಾಡಿದ್ದ ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ತಂಗಿಯ ಕೈ ಸ್ವಲ್ಪ ಬಿಗಿಯಾದಂತೆ ನನಗೆ ಅನ್ನಿಸಿತು.

ಇದು ನನ್ನ ಹೊಸ ಚಟ. ಮೊದಲು ನಾನು ಹೀಗಿರಲಿಲ್ಲ. ಹುಣಸೂರಿನ ನಮ್ಮ ಮನೆಗೆ ಬಂದವರು ಬೇಕಾದರೆ ಸಾಕ್ಷಿ ಹೇಳುತ್ತಾರೆ, ಹೊಸ ವಸ್ತುವಿನ ಮೈಮೇಲಿನ ಕವಚವನ್ನು ನನ್ನಷ್ಟು ಭಕ್ತಿಯಿಂದ ಕಾಪಾಡಿದವರು ತಾಲೂಕಿನಲ್ಲೇ ಇರಲಿಕ್ಕಿಲ್ಲ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಅದರ ಮೇಲೆ ರಬ್ಬರ್ ಬ್ಯಾಂಡು. ಫ್ರಿಜ್ಜಿನ ಬಾಗಿಲಿನ ಹಾಳೆ ಅಂಚಿನಲ್ಲಿ ಕಪ್ಪಗಾಗಿ ತಾನಾಗಿ ಉದುರುವವರೆಗೂ ಬಿಟ್ಟಿದ್ದೆ. ಸ್ಟೀಲ್ ಪಾತ್ರೆಯ ತಳದ ಚೀಟಿ ಒಲೆಯ ಮೇಲೆ ಸುಟ್ಟು ಕರಕಲಾದರೂ ಅದನ್ನು ಕೆರೆದವಳಲ್ಲ. ಪಾಠ ಮಾಡಲು ಶಾಲೆಗೆ ಹೋಗಲೆಂದು ಮೊಪೆಡ್ ತೆಗೆದುಕೊಂಡಾಗ ಅದರ ಸೀಟಿನ ಪ್ಲಾಸ್ಟಿಕ್ ಬೇಸಿಗೆಯಲ್ಲಿ ಸುಡುತ್ತಿತ್ತು, ಮಳೆಗಾಲದಲ್ಲಿ ಜಾರುತ್ತಿತ್ತು. ಒಮ್ಮೆ ಬ್ರೇಕು ಹಾಕಿದ ರಭಸಕ್ಕೆ ನಾನು ಮುಂದಕ್ಕೆ ಜಾರಿ ಹ್ಯಾಂಡಲ್ ಮೇಲೆ ಬಿದ್ದಿದ್ದೆ, ಮಕ್ಕಳು ಗೇಟಿನ ಹತ್ತಿರ ನಿಂತು ನೋಡಿದ್ದರು. ಆದರೂ ಕೀಳಲಿಲ್ಲ. ನಮ್ಮಂಥವರಿಗೆ ವಸ್ತು ಹೊಸದಾಗಿರುವುದು ಮುಖ್ಯ, ನಾವು ಅದರ ಮೇಲೆ ಹೇಗೆ ಕೂತಿದ್ದೇವೆ ಎನ್ನುವುದು ಆಮೇಲಿನ ಮಾತು.

ಆ ಭಕ್ತಿ ಬಿಟ್ಟುಹೋದದ್ದು ನನ್ನ ಅಣ್ಣ ಸ್ವಾಮಣ್ಣ ಹೋದ ಮೇಲೆ. ಅಣ್ಣ ಸತ್ತದ್ದು ಒಂದು ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕಿನಿಂದ ಎಂದರೆ ನೀವು ನಗಬಹುದು. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ನಮ್ಮೂರು ರಾವಂದೂರಿಗೆ ಹತ್ತಿರ. ನಾವು ಚಿಕ್ಕವರಿದ್ದಾಗ ಊರಿನ ಮನೆಗಳಿಗಿಂತ ಎತ್ತರವಾಗಿ ನಿಂತಿದ್ದವು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು. ಸೊಪ್ಪಿನ ಕಾಲ ಬಂತೆಂದರೆ ಮನೆಯ ಹೆಂಗಸರು ಮಕ್ಕಳೆಲ್ಲ ಚಪ್ಪರದ ಕೆಳಗೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಕೈಗೆಲ್ಲ ಅಂಟು ಹತ್ತಿ ಕಪ್ಪಾಗುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಕಹಿ ಹೋಗುತ್ತಿರಲಿಲ್ಲ, ರಾಗಿಮುದ್ದೆ ಕಹಿ, ಮಜ್ಜಿಗೆ ಕಹಿ, ಯಾರೋ ಕೊಟ್ಟ ಪೆಪ್ಪರಮೆಂಟೂ ಕಹಿ. ನನಗೆ ಆ ವಾಸನೆಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಆಗ ಅಣ್ಣ ನನ್ನ ಪಾಲಿನ ಸೊಪ್ಪನ್ನೂ ತಾನೇ ಕಟ್ಟಿ, ಅಪ್ಪ ಬಂದು ನೋಡುವ ಹೊತ್ತಿಗೆ ಕಡ್ಡಿಗಳನ್ನು ನನ್ನ ಮುಂದೆ ಜೋಡಿಸಿ ಇಡುತ್ತಿದ್ದ. ‘ಅಮ್ಮಿ ಎಷ್ಟ್ ಚೆಂದಾಗ್ ಕಟ್ಟವ್ಳೆ ನೋಡಪ್ಪ’ ಎಂದು ನನ್ನ ಪರವಾಗಿ ಹೊಗಳಿಯೂ ಬಿಡುತ್ತಿದ್ದ. ನಾನು ಬಾಯಿ ಒರೆಸಿಕೊಂಡು ಆ ಹೊಗಳಿಕೆಯನ್ನು ಸ್ವೀಕರಿಸುತ್ತಿದ್ದೆ.

ಬ್ಯಾರನ್ನಿನ ಒಳಗೆ ಕೆಳಗಿನಿಂದ ಸೂರಿನವರೆಗೆ ಅಡ್ಡಡ್ಡ ಮರದ ಗಳಗಳಿರುತ್ತವೆ. ಗಂಡಸರು ಆ ಗಳಗಳ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿನವನು ಕೊಟ್ಟ ಕಡ್ಡಿಯನ್ನು ಮೇಲಿನವನಿಗೆ ದಾಟಿಸುತ್ತಾ ಹೋಗಬೇಕು. ಅಣ್ಣ ಎತ್ತರದ ಆಳು, ಅದಕ್ಕೇ ಅವನದು ಯಾವಾಗಲೂ ಮೇಲಿನ ಸಾಲು. ಅವನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನಾನು ಹುಣಸೂರಿನಲ್ಲಿ ಓದುತ್ತಿದ್ದೆ. ಒಂದು ಗಳ ಮುರಿಯಿತು. ಕೆಳಗೆ ನೆಲದ ಮೇಲೆ ಬಿಸಿ ಹಾಯಿಸುವ ಕಬ್ಬಿಣದ ಕೊಳವೆ ಇರುತ್ತದಲ್ಲ, ಅದರ ಮೇಲೆ ಬೆನ್ನು ಕೊಟ್ಟು ಬಿದ್ದ. ಸೊಂಟದ ಕೆಳಗೆ ಅವನದು ಅಂತ ಅನ್ನಿಸುವ ಏನೂ ಉಳಿಯಲಿಲ್ಲ. ನೋವಿಲ್ಲ, ಬಿಸಿಯಿಲ್ಲ, ತಂಪಿಲ್ಲ, ಇರುವೆ ಕಚ್ಚಿದರೂ ತಿಳಿಯದು.

ಅಣ್ಣ ತಮಾಷೆಗಾರ. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ, ಅಳುತ್ತ ನಿಂತಿದ್ದ ನನಗೆ, ‘ಬುಡಮ್ಮಿ ಅತ್ಲಾಗೆ, ಇನ್ಮೇಲೆ ಚಪ್ಲಿ ಸವೆಯಕ್ಕಿಲ್ಲ’ ಎಂದಿದ್ದ. ಅತ್ತಿಗೆ ರತ್ನಳಿಗೆ ಆಗ ನನ್ನದೇ ವಯಸ್ಸು. ತವರಿನವರು ಬಂದು ಕರೆದರು. ಅವಳು ಅವರಿಗೆ ಊಟ ಹಾಕಿ ಕಳಿಸಿ, ಅವತ್ತಿನಿಂದ ಅಣ್ಣನ ಮೈಯನ್ನು ಕಾಯಲು ಕೂತಳು. ಹಗಲು ರಾತ್ರಿ ಆಗಾಗ ಮಗ್ಗುಲು ತಿರುಗಿಸಬೇಕು. ಮೂತ್ರಕ್ಕೆ ನಳಿಗೆ, ಅದರ ಚೀಲ ಬದಲಿಸಬೇಕು. ದಿನಾ ಸಂಜೆ ಬೋರಲು ಮಲಗಿಸಿ ಬೆನ್ನಿನಿಂದ ಹಿಮ್ಮಡಿಯವರೆಗೆ ದೀಪ ಹಿಡಿದು ನೋಡಬೇಕು, ಎಲ್ಲಾದರೂ ಚರ್ಮ ಕೆಂಪಾಗಿದೆಯಾ ಅಂತ. ಮೈಗೆ ತಿಳಿಯದವರಿಗೆ ಕೂತಲ್ಲೇ, ಮಲಗಿದಲ್ಲೇ ಹುಣ್ಣಾಗುತ್ತದೆ. ಆ ಹುಣ್ಣು ಜೀವ ತೆಗೆಯುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮೂವತ್ತು ವರ್ಷ ಅವನ ಮೈಮೇಲೆ ಒಂದು ಹುಣ್ಣೂ ಏಳದಂತೆ ಅವಳು ನೋಡಿಕೊಂಡಳು. ಹಾಗೆ ನೋಡಿಕೊಂಡವರು ಇನ್ನೊಬ್ಬರು ನನಗೆ ಗೊತ್ತಿಲ್ಲ.

ಅಣ್ಣ ಗಾಲಿಕುರ್ಚಿಯಿಂದಲೇ ಬೇಸಾಯ ಮಾಡಿಸಿದ. ಮಾಡಿಸಿದ ಅಂದರೆ ಕೂಗಿದ. ಹೊಲದ ತಲೆಯಲ್ಲಿ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಇಲ್ಲಿ ಬದು ಕಟ್ಟು, ಅಲ್ಲಿ ನೀರು ತಿರುಗಿಸು ಎಂದು ಕೂಗುತ್ತಿದ್ದ. ಆಳುಗಳಿಗೆ ಬೇಕಾದಷ್ಟು ಕೇಳಿಸುತ್ತಿತ್ತು, ಬೇಡವಾದದ್ದು ಗಾಳಿಗೆ ಹೋಗುತ್ತಿತ್ತು. ‘ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎನ್ನುವ ಗಾದೆಯನ್ನು ಅವನು ಹೇಳುವಾಗ ನಡುವಿನ ತುಂಡನ್ನು ನುಂಗಿಬಿಡುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಸಾಯುವುದರೊಳಗೆ ಒಂದು ಸಲ ತನ್ನ ಹೊಲದಲ್ಲಿ ತಾನೇ ಕೆಲಸ ಮಾಡಬೇಕು ಎನ್ನುವುದು ಅವನಿಗಿದ್ದ ಒಂದೇ ಆಸೆ. ಅದನ್ನು ಅವನು ಯಾರ ಹತ್ತಿರವೂ ಮುಚ್ಚಿಡಲಿಲ್ಲ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಇಲ್ಲ.

ಆಮೇಲೆ ಒಂದು ದಿನ ನಾನು ಊರಿಗೆ ಹೋದಾಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದಲ್ಲಿ ಯಾರೋ ಒಬ್ಬಾತ ಸಣ್ಣ ಗಾಡಿಯಲ್ಲಿ ಕೂತು ಮಣ್ಣು ತಳ್ಳುತ್ತಿದ್ದ. ಮುಂದೆ ಬಕೆಟ್ಟು, ಕೆಳಗೆ ಚಕ್ರದ ಬದಲು ರಬ್ಬರಿನ ಚೈನು. ನಮ್ಮ ಕಡೆ ಇಂಥದನ್ನು ಚೈನ್ ಗಾಡಿ ಅನ್ನುತ್ತಾರೆ. ದೊಡ್ಡವು ರಸ್ತೆ ಕೆಲಸದಲ್ಲಿ ಬೇಕಾದಷ್ಟಿವೆ, ಇದು ಅವುಗಳ ಮರಿ.

‘ಇದ್ರಲ್ಲೇನಣ್ಣ ವಿಶೇಷ?’ ಎಂದೆ.

‘ಅವ್ನ ಕಾಲ್ ನೋಡು.’

ನೋಡಿದೆ. ಆತನ ಕಾಲು ಸುಮ್ಮನೆ ಇತ್ತು.

‘ಟ್ಯಾಕ್ಟರ್‌ಗೆ ಕಾಲ್ ಬೇಕು. ಕಾರ್‌ಗೂ ಬೇಕು. ಇದುಕ್ಕೆ ಎರಡು ಕೈಯಿದ್ರೆ ಸಾಕು ಕಣಮ್ಮಿ. ಎಡಗೈಲಿ ಓಡ್ಸದು, ಬಲಗೈಲಿ ಎತ್ತಿ ಇಳ್ಸದು. ನನ್ ಕೈಗೇನಾಗದೆ?’ ಎಂದು ಎರಡೂ ಕೈಯನ್ನು ನನ್ನ ಮುಖದ ಮುಂದೆ ಚಾಚಿದ. ಮೂವತ್ತು ವರ್ಷ ಆ ಕೈಗಳೇ ಅವನನ್ನು ಮಂಚದಿಂದ ಕುರ್ಚಿಗೆ ಎಳೆದು ಹಾಕಿದ್ದವು. ಇಷ್ಟಿಷ್ಟು ದಪ್ಪ ಇದ್ದವು.

ರಸ್ತೆ ಅಗಲ ಮಾಡಲು ಹೋದ ಜಮೀನಿನ ಪರಿಹಾರ ಆಗಷ್ಟೇ ಬಂದಿತ್ತು. ಹೀಗೆ ಕನ್ನಡ ಮೇಡಮ್ಮಾದ ನಾನು ಚೈನ್ ಗಾಡಿ ಹುಡುಕಲು ಹೊರಟೆ.

ಗಾಡಿ ಆರಿಸುವುದರಲ್ಲಿ ನಮ್ಮ ವಂಶಕ್ಕಿದ್ದ ಅನುಭವವೆಲ್ಲ ಎತ್ತು ಆರಿಸುವುದಕ್ಕೆ ಸೇರಿದ್ದು. ಅಪ್ಪ ಬೆಟ್ಟದಪುರದ ಕಡೆ ಎತ್ತು ನೋಡಲು ಹೋದರೆ ಹಲ್ಲು, ಗೊರಸು, ಬಾಲ ಎಲ್ಲ ನೋಡಿ ಕೊನೆಗೆ ಸುಳಿ ನೋಡುತ್ತಿದ್ದರು. ಸುಳಿ ಸರಿಯಿಲ್ಲದ ಎತ್ತು ಮನೆಗೆ ಬಂದರೆ ಯಜಮಾನನಿಗೆ ಆಗದು ಎಂಬ ನಂಬಿಕೆ. ಒಮ್ಮೆ ಎಲ್ಲ ಸುಳಿಯೂ ಒಪ್ಪವಾಗಿದ್ದ ಎತ್ತು ತಂದರು, ಅದು ಕೆಸರಿಗೆ ಇಳಿಯಲು ಹೆದರುತ್ತಿತ್ತು. ಗದ್ದೆಯ ಅಂಚಿನಲ್ಲಿ ನಿಂತು ಯಜಮಾನನ ಮುಖ ನೋಡುತ್ತಿತ್ತು. ಅಪ್ಪ ಅದಕ್ಕೆ ಬೈಯುತ್ತ ಬೈಯುತ್ತ ಅದು ಮುದಿಯಾಗುವವರೆಗೂ ಸಾಕಿದರು.

ಮೈಸೂರಿನ ಅಂಗಡಿಯಲ್ಲಿ ನನ್ನನ್ನು ನೋಡಿದ ಹುಡುಗ ನಾನು ಯಾರಿಗೋ ಜೊತೆಗೆ ಬಂದವಳೆಂದುಕೊಂಡು ನನ್ನ ಹಿಂದೆ ಗಂಡಸಿಗಾಗಿ ಇಣುಕಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಬೇಸರದಿಂದ ನನಗೇ ವಿವರಿಸಿದ. ಟೈರಿನದು ಬೇಕೋ ಚೈನಿನದು ಬೇಕೋ? ಟೈರಿನದು ಗಟ್ಟಿ ನೆಲಕ್ಕೆ, ಖರ್ಚು ಕಡಿಮೆ. ಚೈನಿನದು ಮೆತ್ತನೆ ಮಣ್ಣಿಗೆ, ಇಳಿಜಾರಿಗೆ. ಭಾರ ಹರಡಿಕೊಳ್ಳುತ್ತದೆ, ಹೊಲ ತುಳಿದಂತಾಗದು, ಕುಲುಕಾಟವೂ ಕಡಿಮೆ. ನಮ್ಮ ಮೇಲಿನ ಹೊಲ ಇಳಿಜಾರು, ನಡುವೆ ಮಳೆನೀರು ಕೊರೆದ ಹಳ್ಳ. ಚೈನಿನದೇ ಎಂದು ನಾನು ಗತ್ತಿನಿಂದ ಹೇಳಿದೆ. ಅವನು ತೋರಿಸಿದ ಗಾಡಿಯಲ್ಲಿ ಬಕೆಟ್ ಎತ್ತಲು ಕಾಲಿನ ಪೆಡಲ್ ಇತ್ತು.

‘ಕಾಲಿಲ್ಲದೆ ಓಡಿಸುವುದು ಬೇಕು’ ಎಂದೆ.

‘ಕಾಲಿಲ್ಲದೆ ಅಂದ್ರೆ, ಡ್ರೈವರ್‌ಗೆ ಕಾಲಿಲ್ವಾ ಮೇಡಂ?’

‘ಕಾಲಿದೆ. ಕೆಲಸಕ್ಕೆ ಬರಲ್ಲ.’

ಹುಡುಗ ಒಳಗೆ ಹೋದವನು ಮತ್ತೆ ಬರಲಿಲ್ಲ. ಊಟದ ಹೊತ್ತಾಗಿತ್ತು ಅಂತ ಕಾಣುತ್ತದೆ.

ಕೊನೆಗೆ ಕೊಡಗಿನ ಒಂದು ಕಾಫಿ ತೋಟದಲ್ಲಿ ಹಳೆಯದೊಂದು ಇದೆ, ಎಲ್ಲ ಕೈಯಲ್ಲೇ ಎಂದು ಸುದ್ದಿ ಬಂತು. ಅಣ್ಣನನ್ನೇ ವ್ಯಾನಿನಲ್ಲಿ ಕರೆದುಕೊಂಡು ಹೋದೆವು. ನಾನು, ಅತ್ತಿಗೆ, ಜೊತೆಗೆ ಪಿರಿಯಾಪಟ್ಟಣದ ವೆಲ್ಡಿಂಗ್ ಅಂಗಡಿಯ ನಯಾಜ್. ಅಣ್ಣನ ಗಾಲಿಕುರ್ಚಿಯ ಮುರಿದ ಭಾಗಗಳನ್ನೆಲ್ಲ ವರ್ಷಗಟ್ಟಲೆ ಬೆಸೆದುಕೊಟ್ಟವರು ಅವರೇ. ಗಾಡಿಗೆ ಪಕ್ಕದಲ್ಲಿ ಬಾಗಿಲಿಲ್ಲ, ಮುಂದಿನ ಬಕೆಟ್ಟನ್ನು ತುಳಿದು ಹತ್ತಬೇಕು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಣ್ಣ ಮಾತ್ರ, ‘ಬಕೆಟ್ ನೆಲಕ್ಕೆ ಬುಡ್ಸಿ’ ಎಂದ. ಕುರ್ಚಿಯಿಂದ ಬಕೆಟ್ಟಿನ ಅಂಚಿಗೆ ಜಾರಿದ. ಬೆನ್ನು ಹಿಂದೆ ಮಾಡಿ, ಕೈಯೂರಿ, ಮೈಯನ್ನು ಮೂಟೆಯಂತೆ ಹಿಂದಕ್ಕೆ ಎಳೆದುಕೊಂಡ. ಬೆವರು ಸುರಿಯಿತು, ಮೊಣಕೈ ತರಚಿತು. ತೋಟದ ಯಜಮಾನರು ಮುಖ ಬೇರೆ ಕಡೆ ತಿರುಗಿಸಿ ನಿಂತರು. ಅರ್ಧ ಗಂಟೆಯೋ ಏನೋ ಆದ ಮೇಲೆ ಅಣ್ಣ ಸೀಟಿನಲ್ಲಿದ್ದ.

ಆ ಗಾಡಿಯಲ್ಲಿ ತೊಡೆಯ ಮೇಲೆ ಒಂದು ಕಂಬಿ ಇಳಿಯುತ್ತದೆ. ಅದು ಪೂರ್ತಿ ಇಳಿದು ಕೂರದಿದ್ದರೆ ಗಾಡಿ ಅಲುಗುವುದಿಲ್ಲ. ಅಣ್ಣನ ಕುರ್ಚಿಯ ಮೆತ್ತೆಯನ್ನು ಅತ್ತಿಗೆ ಜೊತೆಗೇ ತಂದಿದ್ದಳು. ಮೆತ್ತೆ ಹಾಕಿ ಕೂತರೆ ಕಂಬಿ ಇಳಿಯಲಿಲ್ಲ. ಮೆತ್ತೆ ತೆಗೆದರೆ ಇಳಿಯಿತು. ಮೆತ್ತೆಯನ್ನು ನಾನೇ ವ್ಯಾನಿಗೆ ಒಯ್ದು ಇಟ್ಟೆ.

ಗಾಡಿ ಹಳೆಯದು, ಬಣ್ಣ ಹೋಗಿತ್ತು. ಆದರೆ ಮಾರುವ ಮೊದಲು ಯಜಮಾನರು ಸೀಟನ್ನು ಮಾತ್ರ ಹೊಸದಾಗಿ ಹಾಕಿಸಿದ್ದರು, ಪ್ಲಾಸ್ಟಿಕ್ ಸಮೇತ. ಅದನ್ನೇ ಕೊಂಡೆವು. ನಯಾಜ್ ಅದಕ್ಕೆ ಅಣ್ಣ ಹಿಡಿದುಕೊಳ್ಳಲು ಎರಡು ಕಂಬಿ, ಜಾರಿ ಬರಲು ಒಂದು ಹಲಗೆ ಬೆಸೆದುಕೊಟ್ಟರು. ಕೆಲಸ ಮುಗಿಸಿ ಚಾಕು ತೆಗೆದು ಸೀಟಿನ ಪ್ಲಾಸ್ಟಿಕ್ ಕುಯ್ಯಲು ಹೋದಾಗ ಅತ್ತಿಗೆ ತಡೆದಳು.

‘ಬ್ಯಾಡ ಸಾಬ್ರೇ, ಇರ್ಲಿ ಬುಡಿ.’

‘ಅರೆ ಅಕ್ಕಾ, ಬಿಸ್ಲಿಗೆ ಸುಡ್ತದೆ ಅದು.’

‘ಅವ್ರಿಗೆ ಸುಡಕಿಲ್ವಲ್ಲ’ ಎಂದು ಅತ್ತಿಗೆ ನಕ್ಕಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ‘ನಳಿಗೆ ಯಾವಾಗ್ಲಾದ್ರೂ ಸೋರ್ತದೆ ಕಣವ್ವ. ಸೀಟು ನೆಂದ್ರೆ ವಾಸ್ನೆ ಕೂತ್ಕತದೆ. ನಾಳಿಕ್ಕೆ ರಿಪೇರಿಗೆ ಅಂತ ಯಾರಾನ ಹತ್ತುದ್ರೆ ಮೂಗು ಮುಚ್ಕತಾರೆ. ಅವ್ರಿಗೆ ಅವಮಾನ ಆಯ್ತದೆ. ಪ್ಲಾಸ್ಟಿಕ್ ಇದ್ರೆ ಒರಸಿ ಹಾಕ್ಬೋದು’ ಎಂದಳು. ಎಷ್ಟು ಸರಿಯಾಗಿ ಯೋಚಿಸಿದ್ದಾಳೆ ಎಂದು ನಾನು ಮೆಚ್ಚಿಕೊಂಡೆ. ಹೊಸ ಸೀಟೂ ಹೊಸದಾಗೇ ಉಳಿಯುತ್ತದೆ ಎಂದು ಅಣ್ಣನೂ ತಲೆಯಾಡಿಸಿದ. ಕುದುರೆಬಲ ಎಷ್ಟು, ಚೈನಿನ ಅಗಲ ಎಷ್ಟು, ಎಣ್ಣೆ ಎಲ್ಲಿ ಜಿನುಗುತ್ತದೆ ಎಂದೆಲ್ಲ ತಿಂಗಳುಗಟ್ಟಲೆ ವಿಚಾರಿಸಿದ ನಾವು, ಅವನು ಕೂರುವ ಜಾಗದ ಬಗ್ಗೆ ಆಡಿದ ಮಾತು ಇಷ್ಟೇ.

ಶಿವರಾತ್ರಿ ಕಳೆದು ಗಾಡಿ ಊರಿಗೆ ಬಂತು. ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಡಬೇಕಲ್ಲ, ಚೈನಿಗೆ ಎಷ್ಟು ಎಂದು ಸ್ವಲ್ಪ ಚರ್ಚೆಯಾಯಿತು. ಕೊನೆಗೆ ಒಂದು ಬದಿಗೆ ಎರಡೆಂದು ತೀರ್ಮಾನವಾಯಿತು. ಅತ್ತಿಗೆ ಹಳೆಯ ಸೀರೆಯ ಪಟ್ಟಿಯಿಂದ ಅವನ ಎರಡು ಮೊಣಕಾಲನ್ನೂ ಸೇರಿಸಿ ಕಟ್ಟಿದಳು, ಕುಲುಕಾಟಕ್ಕೆ ಕಾಲು ಜಾರಬಾರದು ಅಂತ. ಅಣ್ಣ ಗಾಡಿ ಚಾಲೂ ಮಾಡಿದ.

ಊರಿನವರೆಲ್ಲ ಅವನು ಮೊದಲು ಹಳೇ ಬ್ಯಾರನ್ ಬೀಳಿಸುತ್ತಾನೆ ಎಂದುಕೊಂಡಿದ್ದರು. ಅದು ಅರ್ಧ ಕುಸಿದು ಮನೆಯ ಹಿಂದೆ ನಿಂತೇ ಇತ್ತು. ಯಾರೋ ಕೇಳಿಯೂ ಬಿಟ್ಟರು. ‘ಅದೇನ್ ಮಾಡ್ತು ಪಾಪ, ಗಳ ಮುರೀತು ಅಷ್ಟೆಯ’ ಎಂದು ಅಣ್ಣ ಸೀದಾ ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಗೆ ಹೋದ. ಮೊದಲ ಬಕೆಟ್ ಗೊಬ್ಬರ ಎತ್ತುವಾಗ ಅರ್ಧ ಚೆಲ್ಲಿತು. ಎರಡನೆಯದು ಚೆಲ್ಲಲಿಲ್ಲ. ಸಂಜೆಯ ಹೊತ್ತಿಗೆ ಗುಂಡಿಯ ಗೊಬ್ಬರ ಹೊಲಕ್ಕೆ ಹೋಗಿ ಸಾಲಾಗಿ ಗುಡ್ಡೆ ಬಿದ್ದಿತ್ತು. ನನ್ನ ಅಣ್ಣ ದಣಿದು ಬಂದದ್ದನ್ನು ನಾನು ಅವತ್ತು ಮೂವತ್ತು ವರ್ಷದ ನಂತರ ನೋಡಿದೆ. ಸುಸ್ತಾದ ಮುಖ ಅಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟವೂ ಗಾಡಿಯಲ್ಲೇ, ಹತ್ತಿ ಇಳಿಯುವುದು ಅಷ್ಟು ಕಷ್ಟವಾಗಿತ್ತಲ್ಲ. ಮೇಲಿನ ಹೊಲದ ಹಳ್ಳವನ್ನು ಮುಚ್ಚಲು ಶುರು ಮಾಡಿದ. ಬದುಗಳನ್ನು ತಾನೇ ಏರಿಸಿದ. ಪಕ್ಕದ ಹೊಲದವರಿಗೂ ಒಂದಿಷ್ಟು ಮಣ್ಣು ತಳ್ಳಿಕೊಟ್ಟ. ಬಿಸಿಲು ಜೋರಾಗಿತ್ತು, ಗಾಡಿಯ ಎಂಜಿನ್ ಶಾಖ ಬೇರೆ. ನಾನು ಹುಣಸೂರಿನಿಂದ ಫೋನ್ ಮಾಡಿದರೆ, ‘ಈಗ್ ಮಾತಾಡಕ್ಕಾಗಲ್ಲ ಕಣಮ್ಮಿ, ಕೆಲ್ಸ ಅದೆ’ ಎಂದು ಇಟ್ಟುಬಿಡುತ್ತಿದ್ದ. ‘ಕೆಲ್ಸ ಅದೆ’ ಎನ್ನುವುದನ್ನು ಅವನ ಬಾಯಲ್ಲಿ ಕೇಳಲು ನಾನು ಸುಮ್ಮಸುಮ್ಮನೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಣ್ಣನಿಗೆ ಚಳಿಜ್ವರ ಬಂತು. ಹಳ್ಳ ಇನ್ನೂ ಅರ್ಧವಷ್ಟೇ ಮುಚ್ಚಿತ್ತು. ಪಿರಿಯಾಪಟ್ಟಣದಲ್ಲಿ ನೋಡಿ ಮೈಸೂರಿಗೆ ಕಳಿಸಿದರು. ನಾನು ಹೋಗುವ ಹೊತ್ತಿಗೆ ಅಣ್ಣನನ್ನು ಬೋರಲು ಮಲಗಿಸಿದ್ದರು. ಪಟ್ಟಿ ಬಿಚ್ಚಿದಾಗ ನೋಡಿದೆ. ಕೂರುವ ಜಾಗದಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ಗಾಯ, ಮೂಳೆ ಕಾಣುತ್ತಿತ್ತು. ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದಳು. ಡಾಕ್ಟರು ಯಾವುದರ ಮೇಲೆ ಕೂರುತ್ತಿದ್ದರು ಎಂದು ಕೇಳಿದರು. ನಾನು ಗಾಡಿಯ ವಿಷಯ ಹೇಳಿದೆ, ಪ್ಲಾಸ್ಟಿಕ್ಕಿನ ವಿಷಯವನ್ನೂ ಹೇಳಿದೆ. ಅವರು, ‘ಮೆತ್ತೆ ಇಲ್ಲ, ಬೆವರು ಹೋಗಲು ದಾರಿಯಿಲ್ಲ. ಚರ್ಮ ನೆಂದು ಮೆತ್ತಗಾಗಿರುತ್ತದೆ, ಕುಲುಕಾಟಕ್ಕೆ ಕಿತ್ತಿರುತ್ತದೆ. ಆ ಪ್ಲಾಸ್ಟಿಕ್ ಒಂದನ್ನು ತೆಗೆದಿದ್ದರೂ ಇಷ್ಟು ಬೇಗ ಇಷ್ಟಾಗುತ್ತಿರಲಿಲ್ಲ’ ಎಂದರು. ನಂಜು ರಕ್ತಕ್ಕೆ ಸೇರಿದೆ ಎಂದೂ ಹೇಳಿದರು.

ಡಾಕ್ಟರು ಹೋದ ಮೇಲೆ ಅಣ್ಣ, ದಿಂಬಿಗೆ ಕೆನ್ನೆ ಒತ್ತಿಕೊಂಡೇ, ‘ಅಮ್ಮಿ, ಇಲ್ ಬಾ’ ಎಂದ. ನಾನು ನೆಲದ ಮೇಲೆ ಕೂತು ಅವನ ಮುಖಕ್ಕೆ ಮುಖ ಸರಿಯಾಗಿ ಇಟ್ಟುಕೊಂಡೆ.

‘ಪ್ಲಾಸ್ಟಿಕ್ ಸಮಾಚಾರ ರತ್ನನ ಕಿವಿಗೆ ಬೀಳ್ಬಾರ್ದು.’

‘ಇಲ್ಲಣ್ಣ.’

‘ಮೂವತ್ ವರ್ಸ ಒಂದ್ ಗುಳ್ಳೆ ಏಳಕ್ ಬುಡ್ನಿಲ್ಲ ಅವ್ಳು. ಈಗ ಅವ್ಳೇ ಮಾಡುದ್ದು ಅಂತಂದ್ರೆ ಅವ್ಳು ಬದುಕಕ್ಕಿಲ್ಲ. ಸಕ್ರೆ ಕಾಯ್ಲೆ ಇತ್ತಂತೆ ಅನ್ನು. ಏನಾರ ಅನ್ನು. ಕನ್ನಡ ಮೇಷ್ಟ್ರಲ್ವಾ ನೀನು, ಒಂದ್ ಸುಳ್ ಕಟ್ಟಕ್ಕಾಗಲ್ವಾ?’

ನಾನು ಅವನ ಕೈ ಹಿಡಿದುಕೊಂಡು ಆಗಲಿ ಎಂದೆ. ಅವನ ಕೈ ಕಾದ ಹೆಂಚಿನ ಹಾಗಿತ್ತು. ವಾರ ತುಂಬುವುದರೊಳಗೆ ಅಣ್ಣ ಹೋದ.

ನಮ್ಮ ಹೊಲದಲ್ಲೇ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಬಂದವರೆಲ್ಲ ಬಾಯಿಗೆ ಬಂದದ್ದು ಹೇಳಿದರು. ಹಳೇ ಗಾಡಿ ಮನೆಗೆ ತರಬಾರದಿತ್ತು ಎಂದರು. ತೋಟದಲ್ಲಿ ಅದರ ಕೆಳಗೆ ಯಾರಾದರೂ ಸತ್ತಿದ್ದರೇನೋ ವಿಚಾರಿಸಿದಿರಾ ಎಂದು ಒಬ್ಬರು ನನ್ನನ್ನು ಕೇಳಿದರು. ನಾನು ಎಲ್ಲರಿಗೂ ಸಕ್ಕರೆ ಕಾಯಿಲೆ ಎಂದೆ. ಹೇಳಿ ಹೇಳಿ ಅದು ಎಷ್ಟು ಸಲೀಸಾಯಿತೆಂದರೆ ಯಾವಾಗಿನಿಂದ ಇತ್ತು, ಯಾವ ಮಾತ್ರೆ ನುಂಗುತ್ತಿದ್ದ ಎಂದೆಲ್ಲ ಕೇಳದಿದ್ದರೂ ಸೇರಿಸುತ್ತಿದ್ದೆ. ಅತ್ತಿಗೆ ಎದುರಿಗಿದ್ದಾಗ ಮಾತ್ರ ನನ್ನ ದನಿ ಏಕೋ ಜೋರಾಗುತ್ತಿತ್ತು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ನಾಲ್ಕು ದಿನ ಅಲ್ಲೇ ಉಳಿದೆ. ಒಂದು ಮಧ್ಯಾಹ್ನ ಅತ್ತಿಗೆ ಹಿತ್ತಲ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಕಲ್ಲ ಮೇಲೆ ಕೂತು ನೋಡುತ್ತಿದ್ದೆ. ಮೊರ ನಿಲ್ಲಿಸದೆಯೇ ಕೇಳಿದಳು.

‘ಶಾರ್ದ, ಆಸ್ಪತ್ರೇಲಿ ಡಾಕ್ಟ್ರು ಪ್ಲಾಸ್ಟಿಕ್ ಅಂದ್ರಲ್ವಾ?’

‘ಇಲ್ಲ ಅತ್ತಿಗೆ. ಅವನಿಗೆ ಸಕ್ಕರೆ...’

‘ನಿಮ್ಮಣ್ಣನ ಅನ್ನ ಬೇಯಿಸ್ತಿದ್ದೋಳು ನಾನು. ಸಕ್ರೆ ಇದ್ದಿದ್ರೆ ನಂಗ್ ಗೊತ್ತಾಗ್ತಿರ್ನಿಲ್ವಾ?’

ಅವಳು ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

‘ಯೋಳ್ಬ್ಯಾಡ ಅಂದಿರ್ತಾರೆ. ಅಂಗೇ ಅವ್ರು. ಆದ್ರೆ ನಂಗ್ ಮೊದ್ಲೇ ಗೊತ್ತಿತ್ತು ಕಣವ್ವ. ಗಾಡಿ ಬಂದು ವಾರ ಆಗಿತ್ತೇನೊ. ಸಂದ್ಯಾಕಾಲ ಮೈ ನೋಡ್ತಿದ್ದೆ. ಒಂದ್ ಕಡೆ ಕೆಂಪುಗಿತ್ತು. ಬೆರಳಲ್ಲಿ ಒತ್ತುದ್ರೆ ಬೆಳ್ಳುಗಾಗ್ಬೇಕು, ಆಗ್ನಿಲ್ಲ. ಅಂಗಾದ್ರೆ ಏನು ಅಂತ ನಂಗೊತ್ತು. ಅವತ್ತೇ ಮಲಿಗ್ಸಿ ಕುಂತ್ಕಬ್ಯಾಡಿ ಅಂದಿದ್ರೆ ಹದಿನೈದ್ ದಿನ್ದಲ್ಲಿ ವಾಸಿಯಾಗ್ಬುಡ್ತಿತ್ತು. ಪ್ಲಾಸ್ಟಿಕ್ಕೂ ಕಿತ್ತಾಕ್ಬೋದಾಗಿತ್ತು. ಕಿತ್ರೆ ಯಾಕ್ ಕಿತ್ತೆ ಅಂತಾರೆ, ಯೋಳ್ಬೇಕಾಯ್ತದೆ, ಯೋಳುದ್ರೆ ಗಾಡಿ ಇಳೀಬೇಕಾಯ್ತದೆ. ಅವ್ರು ದಿಂಬಲ್ಲಿ ಮಕ ಇಟ್ಕಂಡು, ಏನಾರ ಅದಾ ರತ್ನ ಅಂದ್ರು. ಏನೂ ಇಲ್ಲ ಅಂದೆ.’

‘ಯಾಕತ್ತಿಗೆ?’ ಎಂದೆ.

ಅವಳು ರಾಗಿಯೊಳಗೆ ಬೆರಳಾಡಿಸಿದಳು.

‘ಮದ್ವೇಲಿ ನಿಮ್ಮಣ್ಣ ಎಷ್ಟೆತ್ರ ಇದ್ರು, ಗ್ಯಾನ ಅದಾ? ನಾನವ್ರ ಎದೆಮಟ್ಟಕ್ಕೆ ಬರ್ತಿದ್ದೆ. ಮಾತಾಡ್ಬೇಕಾದ್ರೆ ಕತ್ತೆತ್ತಬೇಕಾಗಿತ್ತು. ಬಿದ್ದ ಮ್ಯಾಲೆ ಮೂವತ್ ವರ್ಸ ಅವ್ರೇ ಕತ್ತೆತ್ತಿ ನನ್ನ ನೋಡುದ್ರು. ನೀರ್ ಬೇಕಾದ್ರೂ ಕತ್ತೆತ್ತಬೇಕು, ಮಗ್ಲು ತಿರ್ಗಬೇಕಾದ್ರೂ ಕತ್ತೆತ್ತಬೇಕು. ಆ ಕೆಂಪು ಕಂಡ ದಿನ್ವೇ ಮದ್ಯಾನ ಹೊಲಕ್ ಬುತ್ತಿ ತಕಂಡ್ ಹೋಗಿದ್ದೆ. ಗಾಡಿ ಮ್ಯಾಲ್ ಕುಂತಿದ್ರು. ಮೇಲಿಂದ ಬಗ್ಗಿ, ಏನ್ ಸಾರು ಇವತ್ತು ರತ್ನ, ಅಂದ್ರು. ನಾನು ಕತ್ತೆತ್ತಿ ನೋಡ್ದೆ ಕಣವ್ವ. ಎಂಗೆ ಕೆಳಿಕ್ಕೆ ಇಳ್ಸ್ಲಿ, ನೀನೇ ಯೋಳು.’